ಗೇಣು ನೀರಿನ ದೋಣಿ

ದೋಣಿ ಎಂದರೆ ಆಳವಾದ ನೀರು ನೆನಪಾಗುವುದು ಸಹಜ. ಮಲ್ಪೆಯಿಂದಲೋ ಕಾರವಾರದಿಂದಲೋ ಹೊರಡುವ ಮೀನುಗಾರಿಕೆಯ ದೋಣಿಯನ್ನು ಅಳೆಯುವುದು ಅದು ಎಷ್ಟು ದೂರ ಹೋಗಬಲ್ಲದು, ಎಂಥ ಅಲೆಯನ್ನು ತಾಳಬಲ್ಲದು ಎಂಬ ಲೆಕ್ಕದಿಂದ. ಆದರೆ ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿ ದೋಣಿ ಕೊಳ್ಳಲು ಬಂದವನು ಕೇಳುವ ಮೊದಲ ಪ್ರಶ್ನೆಯೇ ಬೇರೆ: ‘ಇದಕ್ಕೆ ಕನಿಷ್ಠ ಎಷ್ಟು ನೀರು ಬೇಕು?’ ಅರ್ಧ ಗೇಣು ಸಾಕು ಎಂದರೆ ಅವನ ಮುಖ ಅರಳುತ್ತದೆ. ಒಂದು ಗೇಣು ಬೇಕು ಎಂದರೆ ಪಕ್ಕದ ದೋಣಿಯತ್ತ ತಿರುಗುತ್ತಾನೆ.

ಈ ದೋಣಿಗೆ ‘ಫ್ಲಾಟ್ಸ್ ಸ್ಕಿಫ್’ ಎಂದು ಹೆಸರು. ಸ್ಕಿಫ್ ಎಂದರೆ ಹಗುರವಾದ ಚಿಕ್ಕ ದೋಣಿ. ಫ್ಲಾಟ್ಸ್ ಎಂದರೆ ಕಡಲಿನೊಳಗೇ ಇರುವ, ಮೈಲಿಗಟ್ಟಲೆ ಹರಡಿದ ಸಮತಟ್ಟಾದ ತೆಳು ನೀರಿನ ಬಯಲು. ಫ್ಲಾರಿಡಾದ ತುದಿಯಿಂದ ಬಿಲ್ಲಿನಂತೆ ಬಾಗಿ ಸಾಗುವ ‘ಕೀಸ್’ ಎಂಬ ದ್ವೀಪಮಾಲೆಗೂ ಮುಖ್ಯ ನೆಲಕ್ಕೂ ನಡುವೆ ಫ್ಲಾರಿಡಾ ಕೊಲ್ಲಿ ಇದೆ. ಅದರ ವಿಸ್ತಾರ ಸುಮಾರು 2200 ಚದರ ಕಿಲೋಮೀಟರ್. ಸರಾಸರಿ ಆಳ ಮಾತ್ರ ಒಂದು ಮೀಟರಿನ ಆಸುಪಾಸು! ಎಷ್ಟೋ ಕಡೆ ಮೊಳಕಾಲುದ್ದ ನೀರೂ ಇಲ್ಲ. ಈ ಕೊಲ್ಲಿಯ ಬಹುಭಾಗ 1947ರಲ್ಲಿ ಉದ್ಘಾಟನೆಗೊಂಡ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ.

ಅಷ್ಟು ತೆಳುವಾದ ನೀರಿನಲ್ಲಿ ಏನು ಸಿಕ್ಕೀತು ಎಂದು ಕೇಳಬಹುದು. ಸಿಗುವುದು ಬಹಳ. ತಳದಲ್ಲಿ ಕಡಲ ಹುಲ್ಲಿನ ಗೋಮಾಳ. ಆ ಹುಲ್ಲಿನಲ್ಲಿ ಸಿಗಡಿ, ಏಡಿ, ಹುಳು, ಮರಿ ಮೀನು. ಉಬ್ಬರದ ನೀರು ಏರುತ್ತಿದ್ದಂತೆ ಅವನ್ನು ಮೇಯಲು ದೊಡ್ಡ ಮೀನುಗಳು ಬಯಲಿಗೆ ನುಗ್ಗುತ್ತವೆ, ಇಳಿತದೊಡನೆ ಹಿಂದಿರುಗುತ್ತವೆ. ತಲೆ ಕೆಳಗೆ ಮಾಡಿ ಕೆಸರು ಕೆದಕುವಾಗ ಬೋನ್‌ಫಿಷ್ ಎಂಬ ಮೀನಿನ ಬಾಲ ನೀರಿನಿಂದ ಹೊರಗೆ ಬಂದು ಬೆಳ್ಳಿಯ ಚೂರಿನಂತೆ ಮಿನುಗುತ್ತದೆ. ಆ ಬಾಲವನ್ನು ಕಾಣಬೇಕು, ಕಂಡದ್ದು ಅದಕ್ಕೆ ತಿಳಿಯಬಾರದು. ಈ ದೋಣಿ ಹುಟ್ಟಿದ್ದೇ ಇದಕ್ಕಾಗಿ.

ಹಗುರಾದಷ್ಟೂ ಹಿತ

ಮೊದಲಿಗೆ ಅಲ್ಲಿನವರು ಮರದ ಚಿಕ್ಕ ದೋಣಿಗಳಲ್ಲಿ ಕೋಲು ಹಾಕಿ ಸಾಗುತ್ತಿದ್ದರು. 1960ರ ದಶಕದ ಕೊನೆಯ ವೇಳೆಗೆ ಮಯಾಮಿಯ ಬಾಬ್ ಹ್ಯೂಸ್ ಎಂಬವರು ಫೈಬರ್ ಗ್ಲಾಸಿನಿಂದ, ಈ ಬಯಲಿಗೆಂದೇ ರೂಪಿಸಿದ ದೋಣಿಗಳನ್ನು ಕಟ್ಟತೊಡಗಿದರು. ಮುಂದಿನ ದಶಕದಲ್ಲಿ ದೋಣಿಯ ಹಿಂಭಾಗದಲ್ಲಿ, ಮೋಟಾರಿನ ಮೇಲ್ಗಡೆ, ಒಬ್ಬರು ನಿಲ್ಲುವಷ್ಟು ಪುಟ್ಟ ಅಟ್ಟಣೆ ಬಂತು. ಅದರ ಕಲ್ಪನೆಯ ಶ್ರೇಯಸ್ಸನ್ನು ಬಿಸ್ಕೇನ್ ಕೊಲ್ಲಿಯ ಪ್ರಸಿದ್ಧ ಮಾರ್ಗದರ್ಶಿ ಬಿಲ್ ಕರ್ಟಿಸ್ ಅವರಿಗೆ ಕೊಡುವುದು ವಾಡಿಕೆ. ಇಂದಿನ ಸ್ಕಿಫ್ ಸಾಮಾನ್ಯವಾಗಿ 16ರಿಂದ 18 ಅಡಿ ಉದ್ದ. ಮೇಲೆ ಚಾವಣಿಯಿಲ್ಲ, ಬದಿಗೆ ಕಟಕಟೆಯಿಲ್ಲ. ಎದುರಿಗೆ ಗಾಳದವನು ನಿಲ್ಲಲು ಬರಿದಾದ ಹಲಗೆ, ಹಿಂದೆ ಅಟ್ಟಣೆ, ಅದರ ಕೆಳಗೆ ಮೋಟಾರು.

ಇದು ಅರ್ಧ ಗೇಣು ನೀರಿನಲ್ಲಿ ತೇಲುವುದು ಹೇಗೆ? ಆರ್ಕಿಮಿಡೀಸನ ತತ್ವ ಓದಿದ ಯಾವ ವಿದ್ಯಾರ್ಥಿಯೂ ಲೆಕ್ಕ ಹಾಕಬಹುದು. ದೋಣಿ, ಮೋಟಾರು, ಇಂಧನ, ಇಬ್ಬರು ಮನುಷ್ಯರು ಎಲ್ಲ ಸೇರಿ 600 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ತೇಲಬೇಕಾದರೆ ದೋಣಿ ಅಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸಬೇಕು. ಒಂದು ಘನ ಮೀಟರ್ ಸಮುದ್ರದ ನೀರಿನ ತೂಕ ಸುಮಾರು 1025 ಕಿಲೋಗ್ರಾಂ. 600ನ್ನು 1025ರಿಂದ ಭಾಗಿಸಿದರೆ ಸರಿಯಬೇಕಾದ ನೀರು 0.585 ಘನ ಮೀಟರ್. ನೀರಿಗೆ ತಾಗುವ ತಳ 5 ಚದರ ಮೀಟರ್ ಇದ್ದರೆ ದೋಣಿ ಮುಳುಗುವುದು 0.117 ಮೀಟರ್, ಅಂದರೆ ಹನ್ನೆರಡು ಸೆಂಟಿಮೀಟರಿಗೂ ತುಸು ಕಡಿಮೆ. ಅರ್ಧ ಗೇಣು ಎಂದರೆ ಇದೇ.

ಇದೇ ಲೆಕ್ಕವನ್ನು ಮುಂದುವರಿಸಿ. ಇನ್ನೂ 50 ಕಿಲೋಗ್ರಾಂ ಭಾರ ಏರಿದರೆ ದೋಣಿ ಮತ್ತೊಂದು ಸೆಂಟಿಮೀಟರ್ ಕುಸಿಯುತ್ತದೆ. ದುಂಡಗಿನ ಮೂರನೆಯ ಗೆಳೆಯನೊಬ್ಬ ಹತ್ತಿದರೆ ಒಂದೂವರೆ, ಎರಡು ಸೆಂಟಿಮೀಟರ್ ಹೋಯಿತು. ಆದ್ದರಿಂದ ಸ್ಕಿಫ್‌ನ ಒಡೆಯ ಮಹಾ ಜಿಪುಣ. ಹಣದಲ್ಲಲ್ಲ, ತೂಕದಲ್ಲಿ. ಮಂಜುಗಡ್ಡೆಯ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು, ಇಂಧನ ಎಷ್ಟು ತುಂಬಬೇಕು, ಯಾರು ಎಲ್ಲಿ ಕೂರಬೇಕು ಎಂದು ಯೋಚಿಸಿಯೇ ಹೊರಡುತ್ತಾನೆ. ಚಪ್ಪಟೆ ತಳದ ಬೆಲೆಯನ್ನೂ ಅವನು ತೆರಬೇಕು. ಗಾಳಿ ಎದ್ದ ದಿನ ತೆರೆದ ನೀರು ದಾಟುವಾಗ ಪ್ರತಿ ಅಲೆಯೂ ತಳಕ್ಕೆ ಬಡಿದು ಬೆನ್ನುಮೂಳೆಗೆ ಲೆಕ್ಕ ಒಪ್ಪಿಸುತ್ತದೆ.

ನೋಡುವ ವಿದ್ಯೆ

ಬಯಲು ಹತ್ತಿರವಾಗುತ್ತಿದ್ದಂತೆ ಮೋಟಾರನ್ನು ನಿಲ್ಲಿಸಿ ಮೇಲಕ್ಕೆತ್ತುತ್ತಾರೆ. ಒಬ್ಬರು ಅಟ್ಟಣೆ ಏರಿ ಆರು ಮೀಟರ್ ಉದ್ದದ ನೂಕುಗೋಲನ್ನು ಕೈಗೆತ್ತಿಕೊಳ್ಳುತ್ತಾರೆ. ಅದರ ಒಂದು ತುದಿ ಕವಲಾಗಿರುತ್ತದೆ, ಕೆಸರಿನಲ್ಲಿ ಹೂತುಹೋಗದಿರಲೆಂದು. ಇನ್ನೊಂದು ತುದಿ ಚೂಪು. ಅದನ್ನು ನೆಲಕ್ಕೆ ನೆಟ್ಟು ಹಗ್ಗ ಕಟ್ಟಿದರೆ ದೋಣಿ ನಿಲ್ಲುತ್ತದೆ. ಕೋಲಿಗೆ ಕಲ್ಲು ತಗುಲಿ ಸದ್ದಾಗದಂತೆ, ದೋಣಿ ಅಡ್ಡಾದಿಡ್ಡಿ ತಿರುಗದಂತೆ ನೂಕುವುದನ್ನು ಕಲಿಯಲು ತಿಂಗಳುಗಳೇ ಬೇಕು. ಆನಂತರವೂ ತೋಳು, ಭುಜ, ಸೊಂಟ ಸಂಜೆಗೆ ತಮ್ಮ ಅಸ್ತಿತ್ವವನ್ನು ನೆನಪಿಸುತ್ತವೆ.

ಇಷ್ಟು ಮೌನ ಏಕೆ? ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ ನೀರಿನಲ್ಲಿ ಸುಮಾರು 1500 ಮೀಟರ್ ಸಾಗುತ್ತದೆ. ದೋಣಿಯ ಪೆಟ್ಟಿಗೆಯ ಮುಚ್ಚಳ ‘ಟಪ್’ ಎಂದರೆ ಸಾಕು, ಇಡೀ ತಳ ತಮಟೆಯಂತೆ ಅದನ್ನು ನೀರಿಗೆ ಸಾರುತ್ತದೆ. ಮೀನಿಗೆ ಒಳಕಿವಿಯ ಜೊತೆಗೆ, ಮೈಯುದ್ದಕ್ಕೂ ನೀರಿನ ಅಲುಗಾಟವನ್ನು ಗುರುತಿಸುವ ಪಾರ್ಶ್ವರೇಖೆ ಎಂಬ ಅಂಗವೂ ಇದೆ. ಒಂದು ಚಮಚ ಬಿದ್ದ ಸದ್ದಿಗೆ ಇಡೀ ಹಿಂಡು ಮಾಯವಾಗಬಹುದು.

ಅಟ್ಟಣೆಯ ಮೇಲಿರುವವನು ದೋಣಿಯ ಮೂತಿಯನ್ನು ಹನ್ನೆರಡು ಗಂಟೆ ಎಂದಿಟ್ಟುಕೊಂಡು ಗಡಿಯಾರದ ಲೆಕ್ಕದಲ್ಲಿ ಪಿಸುಗುಟ್ಟುತ್ತಾನೆ: ‘ಹತ್ತು ಗಂಟೆ, ನಲವತ್ತು ಅಡಿ, ಎಡಕ್ಕೆ ಬರುತ್ತಿದೆ.’ ಹೊಸಬನಿಗೆ ಏನೂ ಕಾಣುವುದಿಲ್ಲ. ಬೋನ್‌ಫಿಷ್‌ನ ಹುರುಪೆಗಳು ಕನ್ನಡಿಯಂತೆ. ಅಡಿಯ ಮರಳನ್ನೂ ಹುಲ್ಲನ್ನೂ ಪ್ರತಿಬಿಂಬಿಸಿ ಮೀನನ್ನೇ ಅಳಿಸಿಬಿಡುತ್ತವೆ. ಅನುಭವಿ ಹುಡುಕುವುದು ಮೀನನ್ನಲ್ಲ. ಮರಳಿನ ಮೇಲೆ ಚಲಿಸುವ ಅದರ ನೆರಳನ್ನು, ಅಲೆಗಳ ನಡುವೆ ಬೇರೆ ದಿಕ್ಕಿಗೆ ಹೋಗುವ ಒಂದು ಸಣ್ಣ ನಿರಿಗೆಯನ್ನು.

ಇಲ್ಲಿ ಕಪ್ಪು ಕನ್ನಡಕ ಶೋಕಿಯ ವಸ್ತುವಲ್ಲ. ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕು ಬಹುಮಟ್ಟಿಗೆ ಒಂದೇ ಸಮತಲದಲ್ಲಿ ಕಂಪಿಸುತ್ತದೆ. ಲಂಬಕ್ಕೆ ಸುಮಾರು 53 ಡಿಗ್ರಿ ಕೋನದಲ್ಲಿ ಪ್ರತಿಫಲಿಸಿದಾಗ ಅದು ಪೂರ್ತಿಯಾಗಿ ಧ್ರುವೀಕರಣಗೊಳ್ಳುತ್ತದೆ. ಪೋಲರಾಯ್ಡ್ ಕನ್ನಡಕ ಆ ಕಂಪನವನ್ನು ತಡೆದರೆ ಥಳಥಳಿಸುವ ಪರದೆ ಸರಿದು ತಳ ಕಾಣುತ್ತದೆ. ಪಠ್ಯಪುಸ್ತಕದಲ್ಲಿ ಬಾಯಿಪಾಠವಾಗುವ ಬ್ರೂಸ್ಟರನ ಕೋನ ಇಲ್ಲಿ ದಿನದ ಬೇಟೆಯನ್ನು ನಿರ್ಧರಿಸುತ್ತದೆ.

ಮೀನಿನ ಕಡೆಯಿಂದಲೂ ನೋಡಬೇಕಲ್ಲ? ಬೆಳಕಿನ ವಕ್ರೀಭವನದಿಂದಾಗಿ ನೀರಿನೊಳಗಿನ ಮೀನಿಗೆ ಹೊರಲೋಕವೆಲ್ಲ ತಲೆಯ ಮೇಲಿನ ಸುಮಾರು 97 ಡಿಗ್ರಿ ಅಗಲದ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತದೆ. ದೂರದಲ್ಲಿ ತಗ್ಗಾಗಿರುವ ವಸ್ತು ಆ ಕಿಟಕಿಯ ಅಂಚಿನಲ್ಲಿ ಒತ್ತಿಹೋಗಿ ಮಸುಕಾಗುತ್ತದೆ. ಮೀನು ಹತ್ತಿರ ಬಂದಾಗ ಗಾಳದವನು ಮಂಡಿಯೂರಿ ಕುಗ್ಗುವುದು ಇದಕ್ಕೇ. ಇಬ್ಬರೂ ಒಬ್ಬರನ್ನೊಬ್ಬರು ನೋಡುವ ಆಟ ಇದು. ಹೆಚ್ಚಿನ ದಿನ ಗೆಲ್ಲುವುದು ಮೀನು.

ಹಿಡಿದು ಬಿಡುವುದೇಕೆ?

ಬೋನ್‌ಫಿಷ್ ಗಾಳ ಕಚ್ಚಿದರೆ ನೂರು ಮೀಟರಿಗೂ ಹೆಚ್ಚು ದಾರವನ್ನು ರೀಲಿನಿಂದ ಸರ್ರನೆ ಎಳೆದುಕೊಂಡು ಓಡಬಲ್ಲದು. ಟಾರ್ಪನ್ ಎಂಬ ಇನ್ನೊಂದು ಮೀನು ಮನುಷ್ಯನಷ್ಟು ಉದ್ದ ಬೆಳೆದು, ಗಾಳ ತಾಗಿದೊಡನೆ ನೀರಿನಿಂದ ಪೂರ್ತಿ ಮೇಲಕ್ಕೆ ನೆಗೆಯುತ್ತದೆ. ಅದು ಆಗಾಗ ಮೇಲೆ ಬಂದು ಗಾಳಿಯನ್ನೇ ಗುಟುಕರಿಸುತ್ತದೆ. ಅದರ ಗಾಳಿಚೀಲ ಶ್ವಾಸಕೋಶದ ಕೆಲಸವನ್ನೂ ಮಾಡುತ್ತದೆ. ಬಾಳುವುದೂ ದೀರ್ಘಕಾಲ. ಷಿಕಾಗೋದ ಷೆಡ್ ಅಕ್ವೇರಿಯಮ್‌ನಲ್ಲಿ ಒಂದು ಟಾರ್ಪನ್ 1935ರಿಂದ 1998ರವರೆಗೆ, ಅರವತ್ತಕ್ಕೂ ಹೆಚ್ಚು ವರ್ಷ, ಬದುಕಿತ್ತು. ಇದೇ ಕುಲದ ಇನ್ನೊಂದು ಜಾತಿ ಭಾರತದ ಕರಾವಳಿಯಲ್ಲೂ ಇದೆ. ಗಾತ್ರದಲ್ಲಿ ಅದು ಚಿಕ್ಕದು.

ಇಷ್ಟು ಸಾಹಸ ಮಾಡಿ ಹಿಡಿದ ಮೀನನ್ನು ಏನು ಮಾಡುತ್ತಾರೆ? ಬಿಟ್ಟುಬಿಡುತ್ತಾರೆ. ಬೋನ್‌ಫಿಷ್‌ನ ಮೈಯೆಲ್ಲ ಮುಳ್ಳು. ಅಲ್ಲಿ ಅದನ್ನು ತಿನ್ನುವವರು ವಿರಳ. 2013ರಿಂದ ಫ್ಲಾರಿಡಾದಲ್ಲಿ ಅದನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಲಾಗಿದೆ. ಟಾರ್ಪನ್‌ಗೂ, ದಾಖಲೆಗೆ ಅರ್ಹವಾದ ಮೀನಿನ ವಿಶೇಷ ಪರವಾನಗಿಯನ್ನು ಬಿಟ್ಟರೆ, ಅದೇ ನಿಯಮ.

ಕನ್ನಡದ ಓದುಗರಿಗೆ ಇಲ್ಲಿ ಒಂದು ಪ್ರಶ್ನೆ ಏಳದೆ ಇರದು. ಹಸಿವಿಗಾಗಿ ಮೀನು ಹಿಡಿಯುವುದು ಅರ್ಥವಾಗುತ್ತದೆ. ಆಟಕ್ಕಾಗಿ ಒಂದು ಜೀವವನ್ನು ದಣಿಸಿ ಬಿಡುವುದು ಸರಿಯೇ? ಪ್ರಶ್ನೆ ನ್ಯಾಯವಾದದ್ದು. ಬಿಟ್ಟ ಮೀನು ಬದುಕುತ್ತದೆ ಎಂಬ ಖಾತರಿಯೂ ಇಲ್ಲ. ಬಹಾಮಾಸ್ ದ್ವೀಪಗಳಲ್ಲಿ ವಿಜ್ಞಾನಿಗಳು ಬೋನ್‌ಫಿಷ್‌ಗಳನ್ನು ಹಿಡಿದು ಬಿಟ್ಟು ಹಿಂಬಾಲಿಸಿ ನೋಡಿದರು. ಬಿಟ್ಟಾಗ ಸಮತೋಲ ತಪ್ಪಿ ಹೊರಳಾಡುವ ಮೀನು ಷಾರ್ಕ್ ಮುಂತಾದವುಗಳ ಬಾಯಿಗೆ ಬೀಳುವ ಸಂಭವ ಹಲವು ಪಟ್ಟು ಹೆಚ್ಚೆಂದು ಕಂಡುಬಂತು. ಆದ್ದರಿಂದ ತಿಳಿದವರು ಮೀನನ್ನು ಬೇಗ ದಡಕ್ಕೆಳೆಯುತ್ತಾರೆ, ಕೈ ಒದ್ದೆ ಮಾಡಿಕೊಂಡು ಮುಟ್ಟುತ್ತಾರೆ, ನೀರಿನಿಂದ ಮೇಲೆತ್ತದೆ ಗಾಳ ಬಿಡಿಸುತ್ತಾರೆ. ಸುತ್ತ ಷಾರ್ಕ್ ಸುಳಿದಾಡುತ್ತಿದ್ದರೆ ಆಟ ನಿಲ್ಲಿಸಿ ಬೇರೆಡೆಗೆ ಹೋಗುತ್ತಾರೆ. ಇದರಿಂದ ಪ್ರಶ್ನೆ ಪೂರ್ತಿ ಇತ್ಯರ್ಥವಾಗದು. ಆದರೆ ಈ ಮೀನುಗಳ ಸಂಖ್ಯೆ ಇಳಿಯುತ್ತಿದೆ ಎಂದು ಮೊದಲು ಗಮನಿಸಿ ದನಿಯೆತ್ತಿದವರಲ್ಲಿ, 1998ರಲ್ಲಿ ಕೀಸ್‌ನಲ್ಲಿ ಅವುಗಳಿಗಾಗಿಯೇ ಒಂದು ಸಂಸ್ಥೆ ಕಟ್ಟಿದವರಲ್ಲಿ, ಈ ಗಾಳದವರೂ ಇದ್ದರು ಎಂಬುದನ್ನು ಮರೆಯುವಂತಿಲ್ಲ.

ಒಡೆತನದ ಪಾಡು

ಸ್ಕಿಫ್ ಕೊಳ್ಳುವುದು ಒಂದು ದಿನದ ಸಂಭ್ರಮ, ಸಾಕುವುದು ವರ್ಷವಿಡೀ ದುಡಿಮೆ. ಹೊಸ ದೋಣಿಗೆ ಮೋಟಾರು, ಎಳೆದೊಯ್ಯುವ ಟ್ರೇಲರು ಸೇರಿದರೆ ಒಳ್ಳೆಯ ಕಾರಿನ ಬೆಲೆಯನ್ನೂ ಮೀರಬಹುದು. ಅನೇಕರು ಹಳೆಯದನ್ನು ಕೊಂಡು ತಾವೇ ರಿಪೇರಿ ಮಾಡಿಕೊಳ್ಳುತ್ತಾರೆ. ಪ್ರತಿ ಸಲ ಮನೆಗೆ ಬಂದಮೇಲೆ ಮೋಟಾರಿನೊಳಗೆ ಸಿಹಿನೀರು ಹರಿಸಿ ಉಪ್ಪು ತೊಳೆಯಬೇಕು. ಟ್ರೇಲರಿನ ಗಾಲಿಯ ಬೇರಿಂಗ್‌ಗಳಿಗೆ ಗ್ರೀಸ್ ತುಂಬಬೇಕು. ಮೋಟಾರಿನ ಕಾಲಿಗೆ ಅಂಟಿಸಿದ ಸತುವಿನ ತುಂಡು ಸವೆದಿದೆಯೇ ನೋಡಬೇಕು. ಸತು ಅಲ್ಯೂಮಿನಿಯಮ್ಮಿನ ಮಿಶ್ರಲೋಹಕ್ಕಿಂತ ಮೊದಲು ತಾನು ಕರಗಿ ಮೋಟಾರನ್ನು ಕಾಯುತ್ತದೆ. ವಿದ್ಯುದ್ರಸಾಯನದ ಪಾಠ ಇಲ್ಲಿ ಮನೆಯಂಗಳದಲ್ಲೇ ನಡೆಯುತ್ತದೆ.

ಕಾನೂನಿನ ಪಾಠಗಳೂ ಇವೆ. 1988ರ ಜನವರಿ 1ರಂದು ಅಥವಾ ಆನಂತರ ಹುಟ್ಟಿದವರು ಹತ್ತು ಅಶ್ವಶಕ್ತಿ ಇಲ್ಲವೆ ಅದಕ್ಕೂ ಹೆಚ್ಚಿನ ಮೋಟಾರುದೋಣಿ ನಡೆಸಬೇಕಾದರೆ ಫ್ಲಾರಿಡಾದಲ್ಲಿ ತರಬೇತಿ ಪಡೆದ ಗುರುತುಪತ್ರ ಬೇಕು. ಚಾಲಕ ನೀರಿಗೆ ಬಿದ್ದರೆ ಮೋಟಾರು ತಾನೇ ನಿಲ್ಲುವಂತೆ ಒಂದು ಹುರಿಯನ್ನು ಮೈಗೆ ಸಿಕ್ಕಿಸಿಕೊಳ್ಳುವುದು 2021ರ ಏಪ್ರಿಲ್‌ನಿಂದ ಕಡ್ಡಾಯ. ಬೇಸಿಗೆಯ ಮಧ್ಯಾಹ್ನ ಗುಡುಗು ಕೇಳಿದರೆ ಕೋಲು ಕೆಳಗಿಟ್ಟು ಹಿಂದಿರುಗಲೇಬೇಕು. ಬಟ್ಟಬಯಲಿನ ನೀರಿನಲ್ಲಿ ಎತ್ತರವಾಗಿರುವುದು ಆ ಕೋಲು ಮತ್ತು ಅದನ್ನು ಹಿಡಿದವನು ಮಾತ್ರ. ಕೋಲು ಬೇರೆ ಬಹಳ ಸಲ ವಿದ್ಯುತ್ ಹರಿಯುವ ಗ್ರಾಫೈಟಿನದು.

ಇವೆಲ್ಲಕ್ಕಿಂತ ಕಷ್ಟದ ಪಾಠ ಇನ್ನೊಂದಿದೆ. ಸ್ಕಿಫ್ ವೇಗವಾಗಿ ಓಡುವಾಗ ನೀರಿನ ಮೇಲ್ಮೈಗೆ ಏರಿ ಜಾರುತ್ತದೆ. ಆಗ ಅದು ನಿಂತಾಗ ಬೇಕಾಗುವುದಕ್ಕಿಂತ ಕಡಿಮೆ ನೀರಿನಲ್ಲಿ ದಾಟಿಬಿಡಬಲ್ಲದು. ಆದರೆ ನಿಂತಲ್ಲಿಂದ ಮತ್ತೆ ವೇಗ ಪಡೆಯುವಾಗ ಹಿಂಭಾಗ ಕುಸಿದು ಪ್ರೊಪೆಲ್ಲರ್ ಆಳಕ್ಕೆ ಇಳಿಯುತ್ತದೆ. ಅಂದರೆ ಓಡುತ್ತ ದಾಟಬಹುದಾದ ಜಾಗದಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡಲಾಗದು! ಅಭಿಮನ್ಯು ಚಕ್ರವ್ಯೂಹ ಹೊಕ್ಕಂತೆ. ಇಳಿತದ ಹೊತ್ತಿನಲ್ಲಿ ಸಿಕ್ಕಿಬಿದ್ದರೆ ಕೋಲು ಹಾಕಿ ನೂಕಬೇಕು, ಇಲ್ಲವೆ ಸೊಳ್ಳೆಗಳ ಸಂಗದಲ್ಲಿ ಮುಂದಿನ ಉಬ್ಬರಕ್ಕೆ ಗಂಟೆಗಟ್ಟಲೆ ಕಾಯಬೇಕು. ತಾಳ್ಮೆಯಿಲ್ಲದವನು ಮೂರನೆಯ ದಾರಿ ಹಿಡಿಯುತ್ತಾನೆ. ಮೋಟಾರು ಗುಡುಗಿಸಿ, ಕೆಸರು ಎಬ್ಬಿಸಿ, ಹುಲ್ಲನ್ನು ಉತ್ತುಕೊಂಡು ಹೊರಬೀಳುತ್ತಾನೆ.

ಹುಲ್ಲಿನ ಮೇಲಿನ ಗೀರು

ಕಡಲ ಹುಲ್ಲು ಪಾಚಿಯಲ್ಲ. ಬೇರು, ಕಾಂಡ, ಎಲೆ, ಹೂವು ಇರುವ ನಿಜವಾದ ಸಸ್ಯ. ಇಲ್ಲಿ ಹೇರಳವಾಗಿರುವ ಆಮೆ ಹುಲ್ಲು ಮಣ್ಣಿನಡಿಯ ಗುಪ್ತಕಾಂಡದಿಂದ ಬಹಳ ನಿಧಾನವಾಗಿ ಹಬ್ಬುತ್ತದೆ. ಎಲೆ ಕತ್ತರಿಸಿದರೆ ಚಿಗುರುತ್ತದೆ. ಪ್ರೊಪೆಲ್ಲರ್ ಗುಪ್ತಕಾಂಡವನ್ನೇ ಕಡಿದರೆ ಆ ಗೀರು ಮುಚ್ಚಲು ಹತ್ತು ವರ್ಷವಾದರೂ ಬೇಕಾಗಬಹುದು. ಅಷ್ಟರಲ್ಲಿ ನೀರಿನ ಸೆಳೆತ ಗೀರಿನ ಅಂಚನ್ನು ಕೊರೆದು ಅಗಲ ಮಾಡಿದರೆ ಅದು ಮುಚ್ಚುವುದೇ ಅನುಮಾನ. ಆಕಾಶದಿಂದ ತೆಗೆದ ಚಿತ್ರಗಳನ್ನು ಪರಿಶೀಲಿಸಿ ಎವರ್‌ಗ್ಲೇಡ್ಸ್ ಉದ್ಯಾನದವರು 2008ರಲ್ಲಿ ವರದಿ ಕೊಟ್ಟರು. ಫ್ಲಾರಿಡಾ ಕೊಲ್ಲಿಯ ಹುಲ್ಲಿನಲ್ಲಿ ಸುಮಾರು 12,000 ಗೀರುಗಳು. ಒಂದಕ್ಕೊಂದು ಜೋಡಿಸಿದರೆ ಉದ್ದ 325 ಮೈಲಿ, ಅಂದರೆ 520 ಕಿಲೋಮೀಟರಿಗೂ ಹೆಚ್ಚು! ಬೆಂಗಳೂರಿನಿಂದ ಬೆಳಗಾವಿಗೆ ಇರುವ ದೂರಕ್ಕೆ ಹೆಚ್ಚು ಕಡಿಮೆ ಸಮ.

ಇದರಲ್ಲಿ ಒಂದು ವಿಪರ್ಯಾಸವಿದೆ. ಆಳ ನೀರಿನ ದೊಡ್ಡ ದೋಣಿಗಳು ಒಳಗಿನ ಬಯಲಿಗೆ ಬರಲಾರವು. ಅಲ್ಲಿಗೆ ಹೋಗಬಲ್ಲದ್ದು ಅರ್ಧ ಗೇಣಿನಲ್ಲಿ ತೇಲುವ ಈ ಹಗುರ ದೋಣಿಯೇ. ಹುಲ್ಲನ್ನು ಮುಟ್ಟದೆ ಹೋಗಲೆಂದು ರೂಪಿಸಿದ ದೋಣಿ, ಚಾಲಕ ಅವಸರ ಪಟ್ಟರೆ, ಬೇರೆ ಯಾವ ದೋಣಿಯೂ ತಲುಪದ ಹುಲ್ಲನ್ನು ಕಡಿಯುತ್ತದೆ. ಉದ್ಯಾನದವರು ದೋಣಿಗಳನ್ನು ನಿಷೇಧಿಸಲಿಲ್ಲ. 2011ರಲ್ಲಿ ಸ್ನೇಕ್ ಬೈಟ್ ಎಂಬಲ್ಲಿ ಸುಮಾರು 9400 ಎಕರೆ ಪ್ರದೇಶವನ್ನು ಕೋಲಿನಿಂದ ಅಥವಾ ಚಿಕ್ಕ ವಿದ್ಯುತ್ ಮೋಟಾರಿನಿಂದ ಮಾತ್ರ ಸಾಗಬೇಕಾದ ವಲಯವೆಂದು ಗುರುತಿಸಿದರು; ದೊಡ್ಡ ಮೋಟಾರಿಗೆ ಗುರುತು ಹಾಕಿದ ಕಾಲುವೆಗಳಷ್ಟೇ. ಮುಂದೆ ಇಂಥ ವಲಯಗಳು ಹೆಚ್ಚಿದವು. ಉದ್ಯಾನದ ನೀರಿನಲ್ಲಿ ದೋಣಿ ನಡೆಸುವವರು ಪಾಠ ಓದಿ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮವೂ ಬಂತು.

ಎಲ್ಲ ಹೊಣೆಯನ್ನೂ ದೋಣಿಯವರ ತಲೆಗೆ ಕಟ್ಟುವಂತಿಲ್ಲ. 1928ರಲ್ಲಿ ತೆರೆದ ಟಮಯಾಮಿ ಹೆದ್ದಾರಿ, ಅದರ ಹಿಂದು ಮುಂದಿನ ಕಾಲುವೆ ಕಟ್ಟೆಗಳು ಸೇರಿ ಉತ್ತರದಿಂದ ಕೊಲ್ಲಿಗೆ ಹರಿದುಬರುತ್ತಿದ್ದ ಸಿಹಿನೀರನ್ನು ತಡೆದವು. ಸಿಹಿನೀರು ಕಡಿಮೆಯಾಗಿ, ಮಳೆ ಕೈಕೊಟ್ಟು, ಬಿಸಿಲು ಏರಿದಾಗ ಕೊಲ್ಲಿಯ ನೀರು ಕಡಲಿಗಿಂತಲೂ ಉಪ್ಪಾಗುತ್ತದೆ. ಬೆಚ್ಚಗಿನ ಉಪ್ಪು ನೀರಿನಲ್ಲಿ ಆಮ್ಲಜನಕ ಕರಗುವುದು ಕಡಿಮೆ. ಆಗ ಕೆಸರಿನ ಹೈಡ್ರೋಜನ್ ಸಲ್ಫೈಡ್ ಹುಲ್ಲಿನೊಳಗೆ ನುಗ್ಗಿ ಅದನ್ನು ಕೊಲ್ಲುತ್ತದೆ. 1987ರಲ್ಲಿ ಹೀಗಾಯಿತು. 2015ರಲ್ಲಿ ಮತ್ತೆ ಸುಮಾರು 40 ಸಾವಿರ ಎಕರೆ ಹುಲ್ಲು ಸತ್ತಿತು. ನೀರು ಹರಿಯಲೆಂದು 2013ರಲ್ಲಿ ಹೆದ್ದಾರಿಯ ಒಂದು ಮೈಲಿಯನ್ನು ಸೇತುವೆಯಾಗಿ ಎತ್ತರಿಸಿದರು. ಆಮೇಲೆ ಇನ್ನಷ್ಟು ಸೇತುವೆಗಳು ಬಂದವು. 2022ರಲ್ಲಿ ಪ್ರಕಟವಾದ ಇನ್ನೊಂದು ಶೋಧನೆ ಮನೆಮನೆಗೂ ಸಂಬಂಧಿಸಿದ್ದು. ದಕ್ಷಿಣ ಫ್ಲಾರಿಡಾದ 93 ಬೋನ್‌ಫಿಷ್‌ಗಳನ್ನು ಪರೀಕ್ಷಿಸಿದಾಗ ಒಂದೊಂದರಲ್ಲೂ ಸರಾಸರಿ ಏಳು ಬಗೆಯ ಔಷಧಗಳ ಅಂಶ ಸಿಕ್ಕಿತು, ಒಂದರಲ್ಲಂತೂ ಹದಿನೇಳು. ರಕ್ತದೊತ್ತಡದ ಗುಳಿಗೆ, ಖಿನ್ನತೆಯ ಗುಳಿಗೆ, ಆ್ಯಂಟಿಬಯಾಟಿಕ್, ನೋವಿನ ಮಾತ್ರೆ! ಮನುಷ್ಯರು ನುಂಗಿದ್ದು ಕೊಳಚೆ ನೀರಿನ ಮೂಲಕ ಮೀನನ್ನು ಸೇರಿತ್ತು.

ಒಬ್ಬ ದೋಣಿಯ ಒಡೆಯ ಹೆದ್ದಾರಿಯನ್ನು ಎತ್ತರಿಸಲಾರ, ಊರಿನ ಕೊಳಚೆಯನ್ನು ಶುದ್ಧಗೊಳಿಸಲಾರ. ಮೋಟಾರನ್ನು ಮಾತ್ರ ಎತ್ತಬಲ್ಲ. ಹಾಗಾಗಿ ಅಲ್ಲಿನ ತಿಳಿದ ತಂದೆತಾಯಿ ಮಕ್ಕಳಿಗೆ ಮೊದಲು ಕಲಿಸುವುದು ಗಾಳ ಎಸೆಯುವುದನ್ನಲ್ಲ, ನೀರಿನ ಬಣ್ಣ ಓದುವುದನ್ನು. ನೀಲಿಯಾದರೆ ಆಳ, ಹಸಿರಾದರೆ ಸಾಗಬಹುದು, ಬಿಳುಪಾದರೆ ಮರಳು ಹತ್ತಿರ, ಕಂದಾದರೆ ಹುಲ್ಲು. ಅಲ್ಲಿ ಮೋಟಾರು ನಿಲ್ಲಬೇಕು. ಅನುಮಾನ ಬಂದರೂ ನಿಲ್ಲಬೇಕು. ಹದಿಹರೆಯದ ಕೈಗೆ ವೇಗದ ಹಿಡಿ ಸಿಕ್ಕಾಗ ಇದನ್ನು ಪಾಲಿಸುವುದು ಸುಲಭವಲ್ಲ. ಎದುರಿನ ಬಯಲಿನಲ್ಲಿ ಬಾಲಗಳು ಮಿನುಗುತ್ತಿರುತ್ತವೆ, ಉಬ್ಬರ ಇಳಿಯುವ ಹೊತ್ತಾಗಿರುತ್ತದೆ, ಕೋಲು ಹಾಕಿ ಹೋದರೆ ಅರ್ಧ ಗಂಟೆ, ಮೋಟಾರಿನಲ್ಲಾದರೆ ಅರ್ಧ ನಿಮಿಷ.

ಆ ಅರ್ಧ ನಿಮಿಷದ ಗೀರನ್ನು ವರ್ಷಗಳಲ್ಲಿ ಲೆಕ್ಕ ಹಾಕಿ ನೋಡಿ. ಐದನೆಯ ತರಗತಿಯ ಹುಡುಗಿ ಅಪ್ಪನೊಡನೆ ದೋಣಿಯಲ್ಲಿದ್ದ ದಿನ ಬಿದ್ದ ಗೀರು ಅವಳು ಎಸ್ಸೆಸ್ಸೆಲ್ಸಿ ಮುಗಿಸಿದಾಗಲೂ ಹಾಗೇ ಇರುತ್ತದೆ, ಪಿಯುಸಿ ದಾಟಿದಾಗಲೂ ಕಾಣುತ್ತದೆ. ಅವಳು ಪದವಿ ಪಡೆಯುವ ಹೊತ್ತಿಗೆ, ಬೇರೆ ಯಾರೂ ಅದೇ ಜಾಗದಲ್ಲಿ ಅವಸರ ಮಾಡದಿದ್ದರೆ, ಅಲ್ಲಿ ಹುಲ್ಲು ಮತ್ತೆ ಕೂಡಿಕೊಂಡಿರಬಹುದು.